ಸಿಬಿಲ್ 618 ಇದೆ, ₹15,000 ಕೊಟ್ಟರೆ 750 ಆಗುತ್ತಾ?

ಪ್ರಶ್ನೆ: ಸರ್, ನನಗೆ 36 ವರ್ಷ. ದಾವಣಗೆರೆ ಮಂಡಿಪೇಟೆ ಹತ್ತಿರ ಸಣ್ಣ ರೆಡಿಮೇಡ್ ಬಟ್ಟೆ ಅಂಗಡಿ ಇದೆ. 2021ರ ಲಾಕ್‌ಡೌನಿನಲ್ಲಿ ಅಂಗಡಿ ಬಾಗಿಲು ತೆಗೆಯಲಿಕ್ಕೇ ಆಗಲಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಬಡ್ಡಿ ಸೇರಿ ₹52,000 ಆಯಿತು. 2022ರಲ್ಲಿ ವಸೂಲಿಯವರು ‘₹24,000 ಕಟ್ಟಿ, ಮುಗಿಸಿಬಿಡೋಣ’ ಅಂದರು. ಕಟ್ಟಿದೆ. ಬೈಕ್ ಸಾಲದ ಎರಡು ಕಂತು ಬೌನ್ಸ್ ಆಗಿದ್ದವು, ಆಮೇಲೆ ಎಲ್ಲಾ ಕಂತು ಕಟ್ಟಿ 2023ಕ್ಕೆ ಮುಗಿಸಿದ್ದೇನೆ. ಆದರೂ ಸಿಬಿಲ್ ರಿಪೋರ್ಟಿನಲ್ಲಿ ₹1,180 ಬಾಕಿ ಅಂತ ತೋರಿಸುತ್ತಿದೆ. ಇನ್ನೊಂದು ಯಾವುದೋ ಫೈನಾನ್ಸಿನ ₹7,800 ಸಾಲ ನನ್ನ ಹೆಸರಲ್ಲಿದೆ, ಅದು ಯಾರದ್ದೋ ಗೊತ್ತಿಲ್ಲ. ಜಗಳೂರು ಕಡೆಯ ನನ್ನ ಬಾಮೈದನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೇನೆ. ಈಗ ಬಳಸುತ್ತಿರುವ ಕಾರ್ಡ್ ಒಂದಿದೆ, ಲಿಮಿಟ್ ₹40,000. ಅಂಗಡಿ ಸರಕಿಗೆ ತಿಂಗಳಿಗೆ ₹35,000 ಉಜ್ಜಿ ಸರಿಯಾಗಿ ಕಟ್ಟುತ್ತೇನೆ. ಮನೆ ಕಟ್ಟಲು ₹18 ಲಕ್ಷ ಕೇಳಲು ಹೋದರೆ ‘ನಿಮ್ಮ ಸಿಬಿಲ್ 618, ಆಗಲ್ಲ’ ಅಂದರು. ಪರಿಚಯದವರೊಬ್ಬರು ₹15,000 ಕೊಟ್ಟರೆ 20 ದಿನದಲ್ಲಿ 750 ಮಾಡಿಸಿಕೊಡ್ತಾರಂತೆ. ಕೊಡಲಾ? ಇರುವ ಕಾರ್ಡ್ ಮುಚ್ಚಿಬಿಡಲಾ? ಪದೇ ಪದೇ ಸ್ಕೋರ್ ನೋಡಿದರೆ ಕಮ್ಮಿ ಆಗುತ್ತೆ ಅಂತಾರೆ, ನಿಜವಾ? ಅಪ್ಪನ ವಿಎಸ್‌ಎಸ್‌ಎನ್ (ಊರಿನ ಸಹಕಾರ ಸಂಘ) ಬೆಳೆ ಸಾಲ ಬಾಕಿ ಇರುವುದೂ ಇದಕ್ಕೆ ಕಾರಣ ಇರಬಹುದಾ?

ಉತ್ತರ: ಮೊದಲು ಆ ₹15,000 ವಿಷಯ ಮುಗಿಸೋಣ. ಕೊಡಬೇಡಿ.

ನಾನು ದಾವಣಗೆರೆ, ಚಿತ್ರದುರ್ಗದ ಬ್ಯಾಂಕ್ ಶಾಖೆಗಳಲ್ಲಿ ಸಾಲದ ಟೇಬಲ್ಲಿನ ಈ ಕಡೆ ಕೂತು ವರ್ಷಗಟ್ಟಲೆ ಇಂಥ ಫೈಲು ನೋಡಿದವನು. ‘ಸಿಬಿಲ್ ಸರಿ ಮಾಡಿಸಿದ್ದೇನೆ ಸಾರ್’ ಅಂತ ದುಡ್ಡು ಕೊಟ್ಟು ಬಂದವರನ್ನೂ ಕಂಡಿದ್ದೇನೆ. ಅವರ ರಿಪೋರ್ಟಿನಲ್ಲಿ ಏನೂ ಸರಿಯಾಗಿರುತ್ತಿರಲಿಲ್ಲ. ಈ ಏಜೆಂಟರು ಮಾಡುವುದು ಇಷ್ಟೇ. ನಿಮ್ಮ ಪ್ಯಾನ್, ಆಧಾರ್, ಒಟಿಪಿ ಇಸಿದುಕೊಳ್ಳುತ್ತಾರೆ. ನಿಮ್ಮ ಹೆಸರಲ್ಲಿ ಲಾಗಿನ್ ಆಗಿ, ಸರಿ ಇರುವ ದಾಖಲೆ, ತಪ್ಪಿರುವ ದಾಖಲೆ ಎಲ್ಲದರ ಮೇಲೂ ತಕರಾರು ಹಾಕುತ್ತಾರೆ. ಎಲ್ಲರ ಸಾಲದ ಲೆಕ್ಕ ಇಟ್ಟು ಅಂಕ ಕೊಡುವ ಸಿಬಿಲ್ ಕಂಪನಿ ಅದನ್ನು ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕು ‘ನಮ್ಮ ದಾಖಲೆ ಸರಿಯಾಗಿದೆ’ ಅಂದರೆ ಮುಗಿಯಿತು, ಅದು ಇದ್ದಲ್ಲೇ ಇರುತ್ತದೆ. ಬ್ಯಾಂಕು ಒಪ್ಪದೆ ಸಿಬಿಲ್‌ನವರು ತಾವಾಗಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಅಲ್ಲಿ ಒಳಗಡೆ ಯಾರೋ ಪರಿಚಯ ಇದ್ದಾರೆ ಅನ್ನುವುದೆಲ್ಲ ಬರೀ ಮಾತು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪ್ಯಾನ್, ಆಧಾರ್, ಒಟಿಪಿ ಮೂರೂ ಸಿಕ್ಕವನು ನಿಮ್ಮ ಹೆಸರಲ್ಲಿ ಆ್ಯಪ್ ಸಾಲ ಎತ್ತಲಿಕ್ಕೆ ಹತ್ತು ನಿಮಿಷ ಸಾಕು. ಈಗಾಗಲೇ ಅವರಿಗೆ ಒಟಿಪಿ ಕೊಟ್ಟಿದ್ದರೆ ಪಾಸ್‌ವರ್ಡ್ ಇವತ್ತೇ ಬದಲಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನೀವು ಬರೆದದ್ದರಲ್ಲಿ ಪ್ರಶ್ನೆ ಹಲವು ಇದ್ದರೂ ಒಳಗಿನ ಹೆದರಿಕೆ ಒಂದೇ ಅಂತ ನನಗೆ ಅನಿಸುತ್ತದೆ: ಒಂದು ಸಲ ಕೆಟ್ಟ ಹೆಸರು ಬಂದಮೇಲೆ ಬ್ಯಾಂಕಿನವರು ಮತ್ತೆ ನಂಬ್ತಾರಾ? ನಂಬುತ್ತಾರೆ. ಆದರೆ ನೀವು 618 ಅನ್ನುವ ಅಂಕಿಯನ್ನೇ ದಿಟ್ಟಿಸುತ್ತಾ ಕೂತಿದ್ದೀರಿ. ಆ ಅಂಕಿಯ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಅದರ ಹಿಂದೆ ಇರುವ ರಿಪೋರ್ಟನ್ನು ಸಾಲು ಸಾಲಾಗಿ ಓದಬೇಕು. ನಿಮ್ಮ ರಿಪೋರ್ಟಿನಲ್ಲಿ ಐದು ಸಾಲುಗಳಿವೆ. ಐದಕ್ಕೂ ಬೇರೆ ಬೇರೆ ಮದ್ದು.

ಅದಕ್ಕೂ ಮುಂಚೆ ಈ ಅಂಕಿ ಹೇಗೆ ಹುಟ್ಟುತ್ತದೆ ಅಂತ ಒಂದೆರಡು ಮಾತು. ನಾವು ಎಲ್ಲದಕ್ಕೂ ‘ಸಿಬಿಲ್’ ಅನ್ನುತ್ತೇವೆ. ನಿಜವಾಗಿ ಈ ಕೆಲಸ ಮಾಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಇವಕ್ಕೆ ಅಂತಲೇ 2005ರ ಕಾಯ್ದೆಯೊಂದಿದೆ, ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ. ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಎಲ್ಲರೂ ಇವಕ್ಕೆ ಲೆಕ್ಕ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ಆಯಿತು. ಸ್ಕೋರ್ 300ರಿಂದ 900ರವರೆಗೆ. ಲೆಕ್ಕದ ಪೂರ್ತಿ ಸೂತ್ರವನ್ನು ಯಾರೂ ಬಿಚ್ಚಿ ಹೇಳುವುದಿಲ್ಲ. ಆದರೆ ಏನು ನೋಡುತ್ತಾರೆ ಅನ್ನುವುದು ಗುಟ್ಟೇನಲ್ಲ. ಕಂತು ಹೊತ್ತಿಗೆ ಸರಿಯಾಗಿ ಬಂತಾ, ಕಾರ್ಡಿನ ಲಿಮಿಟ್ ಎಷ್ಟು ಖಾಲಿ ಮಾಡಿದ್ದೀರಿ, ಸಾಲದ ಚರಿತ್ರೆ ಎಷ್ಟು ಹಳೆಯದು, ಎಂಥೆಂಥ ಸಾಲ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ. ನಿಮ್ಮ ಆದಾಯ, ಮನೆ, ಚಿನ್ನ, ಎಫ್‌ಡಿ ಇದ್ಯಾವುದೂ ಸ್ಕೋರಿಗೆ ಬರುವುದಿಲ್ಲ. ಚನ್ನಗಿರಿಯಲ್ಲಿ ಹತ್ತು ಎಕರೆ ಅಡಿಕೆ ತೋಟ ಇದ್ದವರ ಸ್ಕೋರ್ 580 ಇದ್ದದ್ದನ್ನೂ ನೋಡಿದ್ದೇನೆ, ಬಾಡಿಗೆ ಮನೆಯಲ್ಲಿರುವ ಟೈಲರ್ ಒಬ್ಬರದ್ದು 790 ಇದ್ದದ್ದನ್ನೂ ನೋಡಿದ್ದೇನೆ.

ಅಪ್ಪನ ವಿಎಸ್‌ಎಸ್‌ಎನ್ ಸಾಲಕ್ಕೂ ನಿಮ್ಮ ಸ್ಕೋರಿಗೂ ಸಂಬಂಧ ಇಲ್ಲ. ಮನೆಯಲ್ಲಿ ಒಬ್ಬರದ್ದು ಕೆಟ್ಟರೆ ಎಲ್ಲರದ್ದೂ ಕೆಡುತ್ತದೆ ಅನ್ನುವುದು ನಮ್ಮ ಕಡೆ ಬಹಳ ಜನ ನಂಬಿರುವ ತಪ್ಪು. ಆ ಸಾಲದಲ್ಲಿ ನೀವು ಜಂಟಿಯಾಗಿ ಅಥವಾ ಜಾಮೀನಾಗಿ ಸಹಿ ಹಾಕಿದ್ದರೆ ಮಾತ್ರ ಅದು ನಿಮ್ಮ ರಿಪೋರ್ಟಿಗೆ ಬರುತ್ತದೆ. ಹಾಗೇ, ನಿಮ್ಮ ಸ್ಕೋರನ್ನು ನೀವೇ ನೋಡಿಕೊಂಡರೆ ಒಂದು ಅಂಕವೂ ಇಳಿಯುವುದಿಲ್ಲ. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ತೆಗೆಸಿದಾಗ. ಒಂದು ಬ್ಯಾಂಕು ಬೇಡ ಅಂದಿತು ಅಂತ ಪಿ.ಬಿ. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಇರುವ ಬ್ಯಾಂಕಿಗೆಲ್ಲ ಒಂದೇ ತಿಂಗಳಲ್ಲಿ ಅರ್ಜಿ ಕೊಡುತ್ತಾರಲ್ಲ, ಅದು ಕೆಡಿಸುತ್ತದೆ. ‘ಇವನಿಗೆ ಎಲ್ಲಾ ಕಡೆ ದುಡ್ಡಿನ ಅರ್ಜೆಂಟು’ ಅಂತ ಓದಿಸಿಕೊಳ್ಳುತ್ತದೆ. ಆದ್ದರಿಂದ ಸದ್ಯಕ್ಕೆ ಎಲ್ಲೂ ಹೊಸ ಅರ್ಜಿ ಬೇಡ.

ಈಗ ಸಾಲು ಸಾಲಾಗಿ ಬರೋಣ. ಬೈಕ್ ಸಾಲದಿಂದ ಶುರು ಮಾಡುತ್ತೇನೆ. ನಿಮಗೆ ಅದು ಚಿಲ್ಲರೆ ವಿಷಯ ಅನಿಸಿರಬಹುದು. ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ.

₹1,180 ಎಲ್ಲಿಂದ ಬಂತು? ನನ್ನ ಊಹೆ ಇದು. ಕಂತು ಬೌನ್ಸ್ ಆದರೆ ಫೈನಾನ್ಸಿನವರು ಸಾಮಾನ್ಯವಾಗಿ ₹500ರ ಆಸುಪಾಸು ಚಾರ್ಜ್ ಹಾಕುತ್ತಾರೆ. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ ₹590. ನಿಮ್ಮದು ಎರಡು ಕಂತು ಬೌನ್ಸ್ ಆಗಿದ್ದವು. 590ರ ಎರಡರಷ್ಟು 1,180. ಸರಿಹೋಯಿತಲ್ವಾ? ನೀವು ಕಂತು ಕಟ್ಟಿದಿರಿ, ಈ ಚಾರ್ಜು ಹಾಗೇ ಉಳಿಯಿತು. ಕಂಪನಿಯ ಪುಸ್ತಕದಲ್ಲಿ ಸಾಲ ಇನ್ನೂ ಮುಚ್ಚಿಲ್ಲ. ಬೈಕಿನ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಇದ್ದರೆ, ಅಂದರೆ ಎಚ್‌ಪಿ (ಸಾಲಕ್ಕಾಗಿ ಬೈಕಿನ ಮೇಲಿರುವ ಅಡಮಾನ) ತೆಗೆಸಿಲ್ಲ ಅಂದರೆ, ನಿಮಗೆ ಎನ್‌ಒಸಿ, ಅಂದರೆ ‘ಬಾಕಿ ಇಲ್ಲ’ ಅನ್ನುವ ಪತ್ರ, ಬಂದಿರಲಿಕ್ಕಿಲ್ಲ.

ಈ ಸಣ್ಣ ಬಾಕಿ ಯಾಕೆ ಇಷ್ಟು ಕಾಡುತ್ತದೆ ಗೊತ್ತಾ? ರಿಪೋರ್ಟಿನಲ್ಲಿ ಪ್ರತಿ ಸಾಲದ ಕೆಳಗೆ 36 ತಿಂಗಳವರೆಗಿನ ತಿಂಗಳುವಾರು ಚೌಕಗಳಿರುತ್ತವೆ. ಅವಕ್ಕೆ ಡಿಪಿಡಿ ಅನ್ನುತ್ತಾರೆ. ಕಂತಿನ ದಿನ ದಾಟಿ ಎಷ್ಟು ದಿನ ಆಯಿತು ಅನ್ನುವ ಲೆಕ್ಕ. 000 ಅಂದರೆ ಬಾಕಿ ಇಲ್ಲ. 030 ಅಂದರೆ ಒಂದು ತಿಂಗಳು ತಡ. 90 ದಿನ ದಾಟಿದರೆ ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ, ನಮ್ಮ ಹಳೇ ಮಾತಿನಲ್ಲಿ ಸುಸ್ತಿ ಸಾಲ. ಆ ಚೌಕದಲ್ಲಿ ದಿನ ಬರೆಯುತ್ತಾರೆ, ರೂಪಾಯಿ ಬರೆಯುವುದಿಲ್ಲ. ₹1,180 ಆದರೂ ದಿನ ಓಡುತ್ತಲೇ ಇರುತ್ತದೆ. ಮುನ್ನೂರು, ಆರುನೂರು, ಒಂಬೈನೂರು. ಲಕ್ಷ ರೂಪಾಯಿ ಸಾಲದಲ್ಲಿ ಒಂದು ತಿಂಗಳು ತಪ್ಪಿದವನಿಗಿಂತ ಸಾವಿರ ರೂಪಾಯಿ ಚಾರ್ಜು ಮರೆತವನು ಕಾಗದದ ಮೇಲೆ ಕೆಟ್ಟವನಾಗಿ ಕಾಣುತ್ತಾನೆ. ಅನ್ಯಾಯ ಅನಿಸುತ್ತದೆ. ನನಗೂ ಅನಿಸುತ್ತದೆ. ಕೆಲಸದಲ್ಲಿದ್ದಾಗ ಇಂಥ ಫೈಲು ತಿರಸ್ಕರಿಸುವಾಗ ಕೈ ಹಿಂಜರಿಯುತ್ತಿತ್ತು. ಆದರೆ ಕಂಪ್ಯೂಟರ್‌ಗೆ ಹಿಂಜರಿಕೆ ಇಲ್ಲವಲ್ಲ.

ಆದ್ದರಿಂದ ಈ ವಾರವೇ ಆ ಫೈನಾನ್ಸ್ ಆಫೀಸಿಗೆ ಹೋಗಿ. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ಚಾರ್ಜ್ ಬಿಡಿ ಅಂತ ಕೇಳಿ ನೋಡಿ, ಎಷ್ಟೋ ಸಲ ಬಿಡುತ್ತಾರೆ. ಬಿಡದಿದ್ದರೆ ಜಗಳ ಮಾಡದೆ ಕಟ್ಟಿಬಿಡಿ. ರಸೀದಿ, ಎನ್‌ಒಸಿ, ಎಚ್‌ಪಿ ತೆಗೆಸಲು ಬೇಕಾದ ಫಾರಂ 35 ಮೂರನ್ನೂ ಇಸಿದುಕೊಂಡೇ ಎದ್ದು ಬನ್ನಿ. ಎಚ್‌ಪಿ ಕೂಡ ತೆಗೆಸಿ.

ಎರಡನೆಯದು ಆ ₹7,800 ಸಾಲ. ತಕ್ಷಣ ‘ಮೋಸ’ ಅಂತ ತೀರ್ಮಾನಿಸಬೇಡಿ. ಮೋಸ ಇರಬಹುದು, ಆದರೆ ನಾನು ನೋಡಿದ ಇಂಥ ಕೇಸುಗಳಲ್ಲಿ ಜಾಸ್ತಿ ಪಾಲು ಮರೆವು. ರಿಪೋರ್ಟಿನಲ್ಲಿ ಸಾಲ ಶುರುವಾದ ತಾರೀಕು ಇರುತ್ತದೆ. ಆ ತಿಂಗಳ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ದೀಪಾವಳಿ ಹೊತ್ತಲ್ಲಿ ಯಾವುದಾದರೂ ಆ್ಯಪಿನಲ್ಲಿ ‘ಆಮೇಲೆ ಕಟ್ಟಿ’ ಅನ್ನುವ ಬಟನ್ ಒತ್ತಿದ್ದಿರಾ? ಅಂಗಡಿಯಲ್ಲಿ ಮೊಬೈಲ್ ಕಂತಿಗೆ ತಗೊಂಡಿದ್ದಿರಾ? ಆ್ಯಪಿನ ಹೆಸರು ಒಂದಿರುತ್ತದೆ, ಹಿಂದೆ ದುಡ್ಡು ಕೊಡುವ ಫೈನಾನ್ಸ್ ಕಂಪನಿಯ ಹೆಸರು ಇನ್ನೊಂದಿರುತ್ತದೆ. ಅದಕ್ಕೇ ಗುರುತು ಸಿಗುವುದಿಲ್ಲ. ಮನೆಯವರನ್ನೂ ಕೇಳಿ. ನಿಮ್ಮ ಫೋನು ಮಕ್ಕಳ ಕೈಯಲ್ಲೂ ಇರುತ್ತದಲ್ಲ.

ನಿಮ್ಮದೇ ಆಗಿದ್ದರೆ ಕಟ್ಟಿ ಮುಚ್ಚಿಸಿ. ಖಂಡಿತ ನಿಮ್ಮದಲ್ಲ ಅಂತ ಆದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ‘ಸುಮ್ನೆ ತೊಂದರೆ ಯಾಕೆ, ಕಟ್ಟಿಬಿಡೋಣ’ ಅಂತ ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ. ಆ ಕಂಪನಿಯ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ಹಾಕಿ, ಸಾಲದ ಅರ್ಜಿ ಮತ್ತು ದುಡ್ಡು ಹೋದ ಖಾತೆಯ ವಿವರ ಕೇಳಿ. ಸೈಬರ್ ದೂರು ದಾಖಲಿಸಿ, ಅದರ ಪ್ರತಿ ಲಗತ್ತಿಸಿ. ಜೊತೆಗೆ ಸಿಬಿಲ್ ವೆಬ್‌ಸೈಟಿನಲ್ಲೇ ತಕರಾರು ಹಾಕಿ. ಅದಕ್ಕೆ ದುಡ್ಡಿಲ್ಲ. ನಿಮ್ಮ ಏಜೆಂಟ್ ₹15,000ಕ್ಕೆ ಮಾಡುವುದೂ ಇದನ್ನೇ.

ತಕರಾರಿಗೆ ಗಡುವು ಇದೆ. 30 ದಿನದೊಳಗೆ ಇತ್ಯರ್ಥ ಆಗಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100ರಂತೆ ನಿಮಗೆ ಪರಿಹಾರ ಕೊಡಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನವರು ತಡ ಮಾಡಿದ್ದರೆ ಅವರು ಕೊಡಬೇಕು, ಸಿಬಿಲ್‌ನವರು ಮಾಡಿದ್ದರೆ ಅವರು. ನಿಮ್ಮ ದೂರಿನಲ್ಲಿ ಈ ನಿಯಮದ ಬಗ್ಗೆ ಒಂದು ಸಾಲು ಬರೆಯಿರಿ. ಫೈಲು ಸ್ವಲ್ಪ ಬೇಗ ಓಡುತ್ತದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಿನಲ್ಲಿ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಸಿಬಿಲ್ ತರಹದ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದಿವೆ. ಹೇಗೆ ಹಾಕುವುದು ಅಂತ 14448ಕ್ಕೆ ಫೋನ್ ಮಾಡಿ ಕೇಳಬಹುದು.

ಇಲ್ಲೊಂದು ಸ್ವಂತದ ಮಾತು. ನನ್ನದೇ ಒಂದು ವಾಹನ ಸಾಲ ಮುಗಿದು ವರ್ಷ ದಾಟಿದರೂ ರಿಪೋರ್ಟಿನಲ್ಲಿ ಚಾಲ್ತಿಯಲ್ಲಿತ್ತು. ಬ್ಯಾಂಕಿನವನೇ ಆಗಿದ್ದ ನಾನು ಆ ರಿಪೋರ್ಟ್ ತೆಗೆದು ನೋಡಿದ್ದು ಇನ್ನೊಂದು ಸಾಲ ಬೇಕಾದಾಗ. ಸಾಲ ಕೊಟ್ಟ ಸಂಸ್ಥೆ ಲೆಕ್ಕ ಕಳಿಸುವುದನ್ನು ಮರೆತಿತ್ತು ಅಷ್ಟೆ. ಎನ್‌ಒಸಿ ಕೈಯಲ್ಲಿದ್ದದ್ದರಿಂದ ಮೂರು ವಾರದಲ್ಲಿ ಸರಿಯಾಯಿತು. ಆ ಹಾಳೆ ಇಲ್ಲದಿದ್ದರೆ ಎಷ್ಟು ಅಲೆಯಬೇಕಿತ್ತೋ.

ಮೂರನೆಯದು ಸೆಟ್ಲ್‌ಮೆಂಟ್. ಇದೇ ನಿಮ್ಮ ಮನೆ ಸಾಲಕ್ಕೆ ನಿಜವಾದ ಅಡ್ಡಗಾಲು. ‘ಮುಗಿಸಿಬಿಡೋಣ’ ಅಂತ ವಸೂಲಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಅವರ ವಸೂಲಿ ಮುಗಿಯಿತು. ನಿಮ್ಮ ರಿಪೋರ್ಟಿನಲ್ಲಿ ಆ ಖಾತೆಯ ಮುಂದೆ ‘ಕ್ಲೋಸ್ಡ್’ ಅಂತ ಬರಲಿಲ್ಲ, ‘ಸೆಟ್ಲ್ಡ್’ ಅಂತ ಬಂತು. ಸಾಲ ಕೊಡುವವರು ಆ ಪದವನ್ನು ಓದುವುದು ಹೀಗೆ: ಈ ಮನುಷ್ಯ ₹52,000 ಕೊಡಬೇಕಿತ್ತು, ₹28,000 ಕೈ ಎತ್ತಿದ. ನೀವು ಯಾವ ಪರಿಸ್ಥಿತಿಯಲ್ಲಿದ್ದಿರಿ, ಅಂಗಡಿಗೆ ಬೀಗ ಬಿದ್ದಿತ್ತು ಅನ್ನುವುದೆಲ್ಲ ಆ ಪದದೊಳಗೆ ಇಲ್ಲ.

ನಿಮ್ಮ ಮುಂದೆ ದಾರಿ ಎರಡು. ಒಂದು, ಸುಮ್ಮನೆ ಕಾಯುವುದು. ಏಳು ವರ್ಷ ಆದರೆ ತಾನಾಗಿ ಅಳಿಸಿಹೋಗುತ್ತದೆ ಅಂತ ಜನ ಹೇಳುತ್ತಾರೆ. ನಿಯಮ ಹೇಳುವುದು ಕನಿಷ್ಠ ಏಳು ವರ್ಷ ದಾಖಲೆ ಇಟ್ಟುಕೊಳ್ಳಬೇಕು ಅಂತ. ಏಳಕ್ಕೆ ಅಳಿಸಲೇಬೇಕು ಅಂತ ಅದರ ಅರ್ಥ ಅಲ್ಲ. ಎರಡು, ಆ ಬ್ಯಾಂಕಿಗೆ ಹೋಗಿ ಉಳಿದ ದುಡ್ಡು ಕಟ್ಟಿ ‘ಸೆಟ್ಲ್ಡ್’ ಅನ್ನು ‘ಕ್ಲೋಸ್ಡ್’ ಮಾಡಿಸಿಕೊಳ್ಳುವುದು. ಬಹಳ ಜನ ಇದಕ್ಕೆ ‘ಮುಗಿದ ಸಾಲಕ್ಕೆ ಮತ್ತೆ ಯಾಕೆ ದುಡ್ಡು ಸುರಿಯಲಿ’ ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ₹18 ಲಕ್ಷ, 20 ವರ್ಷ ಅಂತ ಇಟ್ಟುಕೊಳ್ಳಿ. ಶೇ. 8.5ರ ಬಡ್ಡಿಗೆ ತಿಂಗಳ ಕಂತು ಸುಮಾರು ₹15,620. ಸ್ಕೋರ್ ಸಾಲದು ಅಂತ ಶೇ. 10.5ಕ್ಕೆ ತಗೊಂಡರೆ ಸುಮಾರು ₹17,970. ತಿಂಗಳಿಗೆ ₹2,350 ಜಾಸ್ತಿ. ಒಂದೇ ವರ್ಷಕ್ಕೆ ಇದು ₹28,200 ಆಯಿತು, ಅಂದರೆ ಬ್ಯಾಂಕು ನಿಮಗೆ ಬಿಟ್ಟ ದುಡ್ಡಿಗಿಂತ ಜಾಸ್ತಿ. 20 ವರ್ಷಕ್ಕೆ ₹5.64 ಲಕ್ಷ. ನಾನಾಗಿದ್ದರೆ ಕಟ್ಟುತ್ತಿದ್ದೆ.

ಆದರೆ ಇಲ್ಲಿ ಎಚ್ಚರ ಬೇಕು. ಆ ₹28,000ದಲ್ಲಿ ಬಡ್ಡಿ, ದಂಡ ಎಷ್ಟು, ನೀವು ನಿಜವಾಗಿ ಖರ್ಚು ಮಾಡಿದ್ದು ಎಷ್ಟು ಅಂತ ಮೊದಲು ಕೇಳಿ. ಬಡ್ಡಿ, ದಂಡದ ಭಾಗವನ್ನು ಬ್ಯಾಂಕೇ ಮನ್ನಾ ಮಾಡಿ, ಅಸಲಿನ ಉಳಿಕೆ ಮಾತ್ರ ತಗೊಂಡು ‘ಕ್ಲೋಸ್ಡ್’ ಅಂತ ಕಳಿಸಲು ಒಪ್ಪುತ್ತಾರಾ ಅಂತ ಚೌಕಾಸಿ ಮಾಡಿ. ಏನೇ ಮಾತಾದರೂ ದುಡ್ಡು ಕಟ್ಟುವ ಮುಂಚೆ ಪತ್ರ ಅಥವಾ ಇಮೇಲ್ ಬೇಕು. ಅದರಲ್ಲಿ ‘ಇಷ್ಟು ಕಟ್ಟಿದರೆ ಖಾತೆಯನ್ನು ಕ್ಲೋಸ್ಡ್ ಅಂತ ವರದಿ ಮಾಡುತ್ತೇವೆ’ ಅಂತ ಸ್ಪಷ್ಟವಾಗಿರಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ದುಡ್ಡು ಬ್ಯಾಂಕಿನ ಕಾರ್ಡ್ ಖಾತೆಗೇ ಹೋಗಬೇಕು. ಯಾರದ್ದೋ ಫೋನ್‌ಪೇ ನಂಬರಿಗೆ ಬೇಡ. ಇನ್ನೊಂದು, ಕೆಲವು ಬ್ಯಾಂಕುಗಳು ಹಳೇ ಬಾಕಿಯನ್ನು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರಿಬಿಟ್ಟಿರುತ್ತವೆ. ಹಾಗಾಗಿದ್ದರೆ ವ್ಯವಹಾರ ಆ ಕಂಪನಿಯ ಜೊತೆ. ರಿಪೋರ್ಟಿನಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ.

ಕಟ್ಟಿದ ಮಾರನೇ ದಿನ ಸ್ಕೋರ್ ಜಿಗಿಯುತ್ತದೆ ಅಂತ ಕಾಯಬೇಡಿ. ಹಳೇ ತಡಗಳ ಚೌಕ ಹಾಗೇ ಇರುತ್ತದೆ. ಲಾಭ ಬೇರೆ ಕಡೆ ಇದೆ. ಮನೆ ಸಾಲದ ಫೈಲನ್ನು ಕೊನೆಗೆ ಒಬ್ಬ ಮನುಷ್ಯ ಓದುತ್ತಾನೆ. ‘2021ರಲ್ಲಿ ತಪ್ಪಿತು, ಆಮೇಲೆ ಬಂದು ಪೂರ್ತಿ ಕಟ್ಟಿದ’ ಅನ್ನುವ ಫೈಲಿಗೂ ‘ಬಿಟ್ಟು ಹೋದ’ ಅನ್ನುವ ಫೈಲಿಗೂ ಆ ಟೇಬಲ್ಲಿನ ಮೇಲೆ ಬಹಳ ವ್ಯತ್ಯಾಸ ಇದೆ. ನಾನೇ ಅಲ್ಲಿ ಕೂತಿದ್ದೆನಲ್ಲ.

ಬೇಗ ಫಲ ಕೊಡುವುದು ನಾಲ್ಕನೆಯದು, ಈಗಿನ ಕಾರ್ಡ್. ದಯವಿಟ್ಟು ಅದನ್ನು ಮುಚ್ಚಬೇಡಿ. ಅದರಲ್ಲಿ ಸರಿಯಾಗಿ ಕಟ್ಟಿದ ಚರಿತ್ರೆ ಇದೆ, ನಿಮ್ಮ ಪರವಾಗಿ ಮಾತಾಡುವ ಸಾಕ್ಷಿ ಸದ್ಯಕ್ಕೆ ಅದೊಂದೇ. ತೊಂದರೆ ಇರುವುದು ಬಳಕೆಯಲ್ಲಿ. ₹40,000 ಲಿಮಿಟ್ಟಿನಲ್ಲಿ ₹35,000 ಅಂದರೆ ಶೇ. 87.5. ನೀವು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೀರಿ, ಸರಿ. ಆದರೆ ಬ್ಯಾಂಕು ಸಾಮಾನ್ಯವಾಗಿ ಲೆಕ್ಕ ಕಳಿಸುವುದು ಬಿಲ್ಲಿನಲ್ಲಿರುವ ಮೊತ್ತ ನೋಡಿ. ಹಾಗಾಗಿ ಕತ್ತಿನವರೆಗೆ ಸಾಲ ಮಾಡಿದವರ ಹಾಗೆ ಕಾಣುತ್ತೀರಿ. ಬಿಲ್ ಹುಟ್ಟುವ ತಾರೀಕು ಯಾವುದು ನೋಡಿ. ಅದಕ್ಕೆ ಎರಡು-ಮೂರು ದಿನ ಮುಂಚೆಯೇ ₹25,000 ಕಟ್ಟಿಬಿಡಿ. ಬಿಲ್ಲಿನಲ್ಲಿ ₹10,000-12,000 ಮಾತ್ರ ಉಳಿಯಲಿ, ಅಂದರೆ ಲಿಮಿಟ್ಟಿನ ಶೇ. 30ರೊಳಗೆ. ಉಳಿದದ್ದನ್ನು ಕೊನೇ ದಿನದೊಳಗೆ ಪೂರ್ತಿ ಕಟ್ಟಿ. ‘ಕನಿಷ್ಠ ಮೊತ್ತ’ ಅಂತ ಬರುತ್ತದಲ್ಲ, ಅದನ್ನು ಕಟ್ಟಿದರೆ ಸುಸ್ತಿ ಆಗುವುದಿಲ್ಲ, ಆದರೆ ಉಳಿದದ್ದಕ್ಕೆ ಬೀಳುವ ಬಡ್ಡಿ ವರ್ಷಕ್ಕೆ ಶೇ. 40ರ ಹತ್ತಿರ ಹೋಗುವುದುಂಟು. 2021ರಲ್ಲಿ ನಿಮ್ಮ ಬಾಕಿ ₹52,000 ಆದದ್ದು ಹೀಗೇ ಇರಬೇಕು. ಸರಕಿನ ವ್ಯವಹಾರ ಆದಷ್ಟು ಚಾಲ್ತಿ ಖಾತೆಯಿಂದ ಮಾಡಿ. ಜಿಎಸ್‌ಟಿ, ಐಟಿ ರಿಟರ್ನ್ ಜೊತೆ ಆ ಖಾತೆಯ ವಹಿವಾಟೂ ಮುಂದೆ ಮನೆ ಸಾಲಕ್ಕೆ ಬೇಕಾಗುತ್ತದೆ.

ಕಾರ್ಡ್ ಇಲ್ಲದವರು ಇದನ್ನು ಓದುತ್ತಿದ್ದರೆ, ಬ್ಯಾಂಕಿನಲ್ಲಿ ₹20,000-25,000 ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಕೇಳಬಹುದು. ಸ್ಕೋರ್ ಕೆಟ್ಟಿದ್ದರೂ ಕೊಡುತ್ತಾರೆ. ಚಿನ್ನದ ಸಾಲ ತೆಗೆದು ಕಟ್ಟಿದರೆ ಸ್ಕೋರ್ ಏರುತ್ತದೆ ಅಂತ ಒಂದು ಸಲಹೆ ಊರಲ್ಲಿ ಓಡಾಡುತ್ತಿದೆ. ಸುಳ್ಳೇನಲ್ಲ. ಆದರೆ ವರ್ಷ ತುಂಬಿದ ದಿನ ಬಡ್ಡಿ ಕಟ್ಟಿ ರಿನ್ಯೂ ಮಾಡಿಸದಿದ್ದರೆ ಅದೂ ಬಾಕಿ ಅಂತಲೇ ಬರುತ್ತದೆ. ಬೇಡದ ಸಾಲವನ್ನು ಸ್ಕೋರಿಗಾಗಿ ಮಾಡುವುದು ನನಗಂತೂ ಹಿಡಿಸದು.

ಇನ್ನು ಮನೆ ಸಾಲ. ಈ ಕೆಲಸಗಳೆಲ್ಲ ಆದ ಮೇಲೆ ಎಷ್ಟು ಕಾಯಬೇಕು ಅಂದರೆ, ಅಂಕಿ ಹೇಳಿ ಮಾತು ಕೊಡಲಾರೆ. ಇಂಥ ಫೈಲುಗಳು ಬ್ಯಾಂಕು ಒಪ್ಪುವ ಮಟ್ಟಕ್ಕೆ ಬರಲು ವರ್ಷದಿಂದ ಒಂದೂವರೆ ವರ್ಷ ಹಿಡಿದದ್ದನ್ನು ನೋಡಿದ್ದೇನೆ. ಕಾಯಲು ಆಗದಿದ್ದರೆ ಹೆಂಡತಿಯನ್ನು ಜೊತೆ ಅರ್ಜಿದಾರರಾಗಿ ಸೇರಿಸಬಹುದು. ಆದರೆ ಅವರಿಗೆ ತೋರಿಸುವ ಆದಾಯ ಇರಬೇಕು, ಅವರ ರಿಪೋರ್ಟೂ ನೋಡುತ್ತಾರೆ. ಅವರು ಮಹಿಳಾ ಗುಂಪಿನಲ್ಲಿ ಮೈಕ್ರೋಫೈನಾನ್ಸ್ ಸಾಲ ತಗೊಂಡಿದ್ದರೆ ಅದೂ ದಾಖಲಾಗಿರುತ್ತದೆ, ಮೊದಲೇ ನೋಡಿಕೊಳ್ಳಿ. ನಾಳೆ ಕಂತು ತಪ್ಪಿದರೆ ಕೆಡುವುದು ಇಬ್ಬರ ಹೆಸರೂ. ಇನ್ನೊಂದು ದಾರಿ, ಕಡಿಮೆ ಸ್ಕೋರಿಗೂ ಕೊಡುವ ಗೃಹ ಸಾಲ ಕಂಪನಿಯಲ್ಲಿ ಜಾಸ್ತಿ ಬಡ್ಡಿಗೆ ತಗೊಂಡು, ಎರಡು ವರ್ಷ ಸರಿಯಾಗಿ ಕಟ್ಟಿ, ಆಮೇಲೆ ಬ್ಯಾಂಕಿಗೆ ವರ್ಗಾಯಿಸುವುದು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಗಳು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಆದರೂ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಲೀಗಲ್, ಎಂಒಡಿ (ಅಡಮಾನದ ದಾಖಲೆ) ಖರ್ಚು ಮತ್ತೆ ಬರುತ್ತದೆ. ಮತ್ತೆ, ನಿಮ್ಮ ಸೈಟಿನ ಇ-ಖಾತೆ ಸರಿ ಇದೆಯಾ? ಸ್ಕೋರ್ 780 ಇದ್ದೂ ಖಾತೆಯ ಕಾರಣಕ್ಕೆ ವಾಪಸ್ ಬಂದ ಫೈಲುಗಳಿಗೆ ಲೆಕ್ಕವಿಲ್ಲ. ಕಾಯುವ ವರ್ಷದಲ್ಲಿ ಆ ಕೆಲಸವನ್ನೂ ಮುಗಿಸಿ.

ರಿಪೋರ್ಟನ್ನು ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದು ತೆಗೆಯಿರಿ. ವರ್ಷಪೂರ್ತಿ ಕಣ್ಣಿಟ್ಟ ಹಾಗಾಗುತ್ತದೆ.

ಐದನೆಯದು ನಿಮ್ಮ ಬಾಮೈದನ ಟ್ರ್ಯಾಕ್ಟರ್. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಮೊದಲ ಮೂರು ಹಿಂದೆ ಆಗಿಹೋದ ವಿಷಯ, ನಾಲ್ಕನೆಯದು ನಿಮ್ಮ ಕೈಯಲ್ಲೇ ಇದೆ. ಇದೊಂದು ಇನ್ನೂ ನಡೆಯುತ್ತಿದೆ, ಮತ್ತು ನಿಮ್ಮ ಕೈಯಲ್ಲಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಅವನನ್ನು ಹಿಡಿದು ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತಿಲ್ಲ. ಅವನು ತಪ್ಪಿದರೆ ಆ ಬಾಕಿ ನಿಮ್ಮ ರಿಪೋರ್ಟಿನಲ್ಲೂ ಕಾಣುತ್ತದೆ. ‘ನನ್ನ ಜಾಮೀನು ವಾಪಸ್ ತಗೋತೀನಿ’ ಅಂತ ನೀವೊಬ್ಬರೇ ಹೇಳಿದರೆ ನಡೆಯುವುದಿಲ್ಲ. ಬೇರೆ ಜಾಮೀನುದಾರನನ್ನು ಕೊಟ್ಟು, ಸಾಲ ಕೊಟ್ಟವರು ಒಪ್ಪಿ, ಬರೆದುಕೊಟ್ಟರೆ ಮಾತ್ರ ಬಿಡುಗಡೆ. ನೆಂಟಸ್ತಿಕೆಯ ವಿಷಯ, ನೇರ ಕೇಳಲು ಮುಜುಗರ ಆಗುತ್ತದೆ, ಗೊತ್ತು. ‘ಮನೆ ಸಾಲಕ್ಕೆ ಬ್ಯಾಂಕಿನವರು ಕೇಳ್ತಿದ್ದಾರೆ ಕಣೋ’ ಅಂತ ಶುರು ಮಾಡಿ, ಅದು ಸುಳ್ಳೂ ಅಲ್ಲವಲ್ಲ. ಕಂತು ಯಾವ ಯಾವ ತಿಂಗಳಿಗೆ ಬೀಳುತ್ತದೆ ಕೇಳಿ ಬರೆದಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಸಾಲದ ಕಂತು ಎಷ್ಟೋ ಕಡೆ ಆರು ತಿಂಗಳಿಗೊಮ್ಮೆ ಇರುತ್ತದೆ, ಮರೆಯುವುದು ಸುಲಭ. ಮೆಕ್ಕೆಜೋಳ ಮಾರಿದ ದುಡ್ಡು ಎಪಿಎಂಸಿಯಿಂದ ಕೈಗೆ ಬಂದ ವಾರವೇ ಕಟ್ಟಿಸಿ, ರಸೀದಿಯ ಫೋಟೋ ವಾಟ್ಸಾಪಿಗೆ ತರಿಸಿಕೊಳ್ಳಿ. ಒಂದು ವರ್ಷ ಮಳೆ ಕೈಕೊಟ್ಟು ಅವನಿಗೆ ಕಟ್ಟಲು ಆಗದಿದ್ದರೆ, 90 ದಿನ ಆಗುವ ಮುಂಚೆಯೇ ಇಬ್ಬರೂ ಜೊತೆಗೆ ಹೋಗಿ ಆ ಫೈನಾನ್ಸ್ ಮ್ಯಾನೇಜರನ್ನು ನೋಡಿ.